ಕೌಂಟರಿನ ಆಚೆ ಕೂತವರ ಕೆಲಸ

ನಮಸ್ಕಾರ. ನಿಮ್ಮ ಪತ್ರ ತಲುಪಿತು. ಬ್ಯಾಂಕಿನ ಕೌಂಟರಿನಲ್ಲೇ ನೌಕರಿ ಮುಗಿಸಿದವರು ನೀವು. ಈಗ ಮಗಳಿಗೆ ಒಂದು ಬ್ಯಾಂಕಿನ ಗ್ರಾಹಕ ಸೇವಾ ವಿಭಾಗದಿಂದ ಸಂದರ್ಶನಕ್ಕೆ ಕರೆ ಬಂದಿದೆ. 'ಎಲ್ಲವನ್ನೂ ಮಷೀನೇ ಮಾಡುವಾಗ ಇವಳು ಅಲ್ಲಿ ಕೂತು ಮಾಡೋದಾದರೂ ಏನು? ಆ ಕೆಲಸ ಎಷ್ಟು ದಿನ ಉಳಿದೀತು?' ಎಂದು ಕೇಳಿದ್ದೀರಿ.

ಮಷೀನು ಕೆಲಸ ನುಂಗಿತು ಅನ್ನುವುದು ಅರ್ಧ ನಿಜ. ಬಾರ್‌ಕ್ಲೇಸ್ ಬ್ಯಾಂಕು 1967ರ ಜೂನ್‌ನಲ್ಲಿ ಲಂಡನ್ನಿನ ಎನ್‌ಫೀಲ್ಡ್ ಶಾಖೆಯಲ್ಲಿ ನಗದು ಕೊಡುವ ಯಂತ್ರ ಇಟ್ಟಿತು. ಇಂಥ ಯಂತ್ರ ಬಂದ ಮೇಲೆ ಕೌಂಟರಿನವರ ಕಥೆ ಮುಗೀತು ಅನ್ನಿಸಬೇಕು, ಅಲ್ವಾ? ಅಮೆರಿಕದಲ್ಲಿ ಹಾಗಾಗಲಿಲ್ಲ. ಅರ್ಥಶಾಸ್ತ್ರಜ್ಞ ಜೇಮ್ಸ್ ಬೆಸೆನ್ ಕೊಡುವ ಲೆಕ್ಕ ನೋಡಿ. ಅಲ್ಲಿ ನಗರದ ಒಂದು ಶಾಖೆಗೆ 1988ರಲ್ಲಿ ಸುಮಾರು 20 ಟೆಲ್ಲರ್‌ಗಳು, ಅಂದರೆ ಕೌಂಟರಿನಲ್ಲಿ ಹಣ ಕೊಟ್ಟು ತೆಗೆದುಕೊಳ್ಳುವವರು, ಬೇಕಿತ್ತು. 2004ರ ಹೊತ್ತಿಗೆ 13 ಜನ ಸಾಕಾಯಿತು. ಶಾಖೆ ನಡೆಸುವ ಖರ್ಚು ಇಳಿದದ್ದರಿಂದ ಬ್ಯಾಂಕುಗಳು ಇನ್ನಷ್ಟು ಶಾಖೆ ತೆರೆದವು. ಆ ವರ್ಷಗಳಲ್ಲಿ ಟೆಲ್ಲರ್‌ಗಳ ಒಟ್ಟು ಸಂಖ್ಯೆ ಕುಸಿಯಲಿಲ್ಲ. ಜೋರು ಪೆಟ್ಟು ಬಿದ್ದದ್ದು ಆಮೇಲೆ, ಬ್ಯಾಂಕೇ ಮೊಬೈಲಿನೊಳಗೆ ಬಂದು ಕೂತಾಗ.

ಆದರೆ ನನ್ನ ತಕರಾರು ಸಂಖ್ಯೆಯ ಬಗ್ಗೆ ಅಲ್ಲ. ಕೌಂಟರಿನವರ ಕೈಲಿದ್ದ ತೀರ್ಮಾನ ಹೋಯಿತಲ್ಲ, ಅದು ದೊಡ್ಡ ಬದಲಾವಣೆ. ಹಿಂದೆ ಚೆಕ್ ಬಂದರೆ ಲೆಡ್ಜರ್ ತೆರೆದು ಬಾಕಿ ನೋಡಬೇಕಿತ್ತು. ಮಾದರಿ ಸಹಿಯ ಕಾರ್ಡು ಪಕ್ಕಕ್ಕಿಟ್ಟು ಅಕ್ಷರ ಅಕ್ಷರ ಹೋಲಿಸಬೇಕಿತ್ತು. ವಯಸ್ಸಾದವರ ಕೈ ನಡುಗಿ ಸಹಿ ವಾಲಿದ್ದರೆ, ಎದುರಿಗೇ ಇನ್ನೊಂದು ಸಹಿ ಹಾಕಿಸಿ, ಮುಖ ನೋಡಿ ಪಾಸ್ ಮಾಡುವವರಿದ್ದರು. ಈಗ ಅದೇ ಕುರ್ಚಿಯಲ್ಲಿ ಕೂತವರು 'ಸಿಸ್ಟಮ್ ಬಿಡ್ತಿಲ್ಲ ಸಾರ್' ಅನ್ನುತ್ತಾರೆ. ಸುಳ್ಳಲ್ಲ, ಪಾಪ. ನಿಜವಾಗಿಯೂ ಬಿಡುವುದಿಲ್ಲ.

ಬ್ರಿಟನ್ನಿನ ಫಸ್ಟ್ ಡೈರೆಕ್ಟ್ ಎಂಬ ಬ್ಯಾಂಕು 1989ರಲ್ಲಿ ಶಾಖೆಗಳೇ ಇಲ್ಲದೆ, ದಿನದ 24 ಗಂಟೆಯೂ ಫೋನಿನಲ್ಲೇ ವ್ಯವಹಾರ ಶುರು ಮಾಡಿತು. ಗ್ರಾಹಕರಿಗೆ ಅನುಕೂಲವೇ ಆಯಿತು. ಆದರೆ ಕಾಲ್ ಸೆಂಟರ್ ಕೆಲಸದಲ್ಲಿ ಕರೆ ಎಷ್ಟು ನಿಮಿಷ ನಡೆಯಿತು ಅನ್ನುವುದೂ ಲೆಕ್ಕಕ್ಕೆ ಬಂತು.

ಇದರ ಜೊತೆಗೆ ಮಾರಾಟದ ಗುರಿ. ಬೋರ್ಡಿನಲ್ಲಿ ಗ್ರಾಹಕ ಸೇವೆ, ಒಳಗೆ ವಿಮೆ, ಕಾರ್ಡು, ಸಾಲದ ವ್ಯಾಪಾರ. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿಗೆ 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು. ಗುರಿ ಮುಟ್ಟಲು ಅಲ್ಲಿನ ಸಿಬ್ಬಂದಿ ಗ್ರಾಹಕರಿಗೆ ಗೊತ್ತೇ ಇಲ್ಲದಂತೆ ಖಾತೆ ತೆರೆದಿದ್ದರು. ಸುಮಾರು 5,300 ಜನರನ್ನು ಬ್ಯಾಂಕು ಮನೆಗೆ ಕಳಿಸಿತ್ತು. ಗುರಿ ಇಟ್ಟವರು ಯಾರು ಅಂತ ಕೇಳಬೇಕಲ್ಲವೇ?

ಈಗ ಬಾಕಿ ಎಷ್ಟು, ಚೆಕ್ ಪುಸ್ತಕ ಯಾವಾಗ ಬರುತ್ತೆ ಎಂಬಂಥ ಸಲೀಸಾದ ಪ್ರಶ್ನೆಗಳಿಗೆ ಚಾಟ್‌ಬಾಟ್ ಉತ್ತರ ಕೊಡುತ್ತದೆ. ಮನುಷ್ಯರ ಹತ್ತಿರ ಬರುವುದು ತೊಡಕಿನವು. ಗಂಡ ತೀರಿಕೊಂಡು ಖಾತೆಯ ದಾರಿ ತಿಳಿಯದ ಹೆಂಗಸು. ಮೋಸ ಹೋಗಿ ನಡುಗುತ್ತಿರುವ ಹುಡುಗ. ಇನ್ನೂ ಕಷ್ಟದ್ದು, ಮೋಸ ಹೋಗುತ್ತಲೇ ಇರುವವರು. ಕಿವಿಯಲ್ಲಿ ಫೋನು, ಆ ಕಡೆ ವಂಚಕ, 'ಬ್ಯಾಂಕಿನವರಿಗೆ ಏನೂ ಹೇಳಬೇಡಿ' ಎಂಬ ತಾಕೀತು. ಕೌಂಟರಿನವರು ಬೆವರಿದ ಮುಖ ಗಮನಿಸಿ, 'ಯಾರ ಜೊತೆ ಮಾತಾಡ್ತಿದ್ದೀರಿ? ಸ್ವಲ್ಪ ಫೋನ್ ಇಡಿ' ಅನ್ನಬೇಕು. ಬೈಗುಳವೂ ತಿನ್ನಬೇಕು. ಬ್ರಿಟನ್ನಿನಲ್ಲಿ 2016ರಿಂದ ಇಂಥ ಅನುಮಾನ ಬಂದರೆ ಸಿಬ್ಬಂದಿ ತಕ್ಷಣ ಪೊಲೀಸರನ್ನು ಕರೆಯುವ ಏರ್ಪಾಡು ಶುರುವಾಯಿತು. ಈ ಕೆಲಸ ಸದ್ಯಕ್ಕೆ ಹೋಗುವುದಿಲ್ಲ ಅಂತಲೇ ನನ್ನ ಅನಿಸಿಕೆ.

ಮಗಳಿಗೆ ಬೇಡ ಅನ್ನಬೇಡಿ. ಸಂದರ್ಶನದಲ್ಲಿ ಎರಡು ವಿಷಯ ಕೇಳಲು ಹೇಳಿ. ತಿಂಗಳ ಕೊನೆಗೆ ತನ್ನನ್ನು ಯಾವುದರ ಮೇಲೆ ಅಳೆಯುತ್ತಾರೆ, ಮಾರಿದ ಪಾಲಿಸಿಗಳ ಮೇಲೋ, ಬಗೆಹರಿಸಿದ ದೂರುಗಳ ಮೇಲೋ? ಮೇಲಿನವರನ್ನು ಕೇಳದೆ ತಾನೇ ತೀರ್ಮಾನಿಸಬಹುದಾದ್ದು ಏನಾದರೂ ಇದೆಯೇ? ಎರಡನೆಯದಕ್ಕೆ ಅವರು ತಡವರಿಸಿದರೆ ಇನ್ನೊಂದು ಬ್ಯಾಂಕಿಗೂ ಅರ್ಜಿ ಹಾಕಿಡಲಿ.

- ಸಂಪಾದಕ