ಓದುಗರ ಪ್ರಶ್ನೆ: ದೆಹಲಿ ಒಂದು ಊರೋ, ಹಲವು ಊರುಗಳೋ?

ಪ್ರಶ್ನೆ: ಪತ್ರಿಕೆಗಳು ಒಮ್ಮೆ ದೆಹಲಿ ಎಂದೂ ಒಮ್ಮೆ ನವದೆಹಲಿ ಎಂದೂ ಬರೆಯುತ್ತವೆ. ಇವೆರಡೂ ಒಂದೆಯೇ? ಅಲ್ಲಿ ಏಳು ನಗರಗಳಿದ್ದವು ಎನ್ನುವುದು ನಿಜವೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಒಂದೇ ಅಲ್ಲ. ದೆಹಲಿ ಎಂದರೆ 1,483 ಚದರ ಕಿಲೋಮೀಟರ್ ವಿಸ್ತಾರದ ಇಡೀ ಪ್ರದೇಶ. ಅದರ ನಡುವೆ ಬ್ರಿಟಿಷರು ಕಟ್ಟಿಸಿದ, ಇಂದಿಗೂ ಪ್ರತ್ಯೇಕ ಸ್ಥಳೀಯ ಆಡಳಿತವಿರುವ ಪುಟ್ಟ ಭಾಗವೇ ನವದೆಹಲಿ.

ಏಳೆಂಬುದು ರೂಢಿಯ ಲೆಕ್ಕ. ಎಣಿಸುವವರನ್ನು ಅವಲಂಬಿಸಿ ಅದು ಹೆಚ್ಚೂ ಆಗಬಹುದು. ಅರಾವಳಿಯ ತುದಿಯಾದ ‘ರಿಡ್ಜ್’ ಎಂಬ ಕಲ್ಲುದಿಬ್ಬಕ್ಕೂ ಯಮುನೆಗೂ ನಡುವಿನ ತ್ರಿಕೋನಾಕಾರದ ನೆಲದಲ್ಲಿ ತೋಮರರ ಲಾಲ್ ಕೋಟ್, ಅಲಾವುದ್ದೀನ್ ಖಿಲ್ಜಿಯ ಸಿರಿ, ತುಘಲಕರ ತುಘಲಕಾಬಾದ್, ಜಹಾಂಪನಾಹ್ ಮತ್ತು ಫಿರೋಜಾಬಾದ್, ಹುಮಾಯೂನನ ದೀನ್‌ಪನಾಹ್, ಕೊನೆಗೆ 1639ರಲ್ಲಿ ಷಹಜಹಾನ್ ಆರಂಭಿಸಿದ ಷಹಜಹಾನಾಬಾದ್ ಒಂದರ ಪಕ್ಕದಲ್ಲೊಂದು ಎದ್ದವು. ಹೊಸ ದೊರೆ ಹಳೆಯ ಕೋಟೆಯನ್ನು ವಿಸ್ತರಿಸುವ ಬದಲು ಬೇರೆ ನೆಲ ಹುಡುಕಿದ್ದರಿಂದ ಪಾಳುಗೋಡೆಗಳು ಹಾಗೆಯೇ ಉಳಿದವು, ಅವುಗಳ ನಡುವಿನ ಹಳ್ಳಿಗಳೂ ಉಳಿದವು. ಇಂದು ಬಹುಮಹಡಿ ಕಟ್ಟಡಗಳ ಹಿಂದೆ ಮುನಿರ್ಕಾ, ಶಾಹಪುರ್ ಜಾಟ್‌ನಂಥ ಇಕ್ಕಟ್ಟಿನ ಹಳ್ಳಿಗಳು ಎದುರಾಗುವುದು ಇದರಿಂದಲೇ. ನದಿಯೂ ನಿಂತಲ್ಲಿ ನಿಲ್ಲಲಿಲ್ಲ: ಒಂದು ಕಾಲಕ್ಕೆ ಕೆಂಪುಕೋಟೆಯ ಪೂರ್ವದ ಗೋಡೆಯ ಕೆಳಗೆ ಯಮುನೆ ಹರಿಯುತ್ತಿದ್ದಳು, ಈಗ ಅಲ್ಲಿ ರಿಂಗ್ ರಸ್ತೆಯಿದೆ.

ಬ್ರಿಟಿಷರು ಮಾಡಿದ್ದೂ ಇದನ್ನೇ. ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ತರುವುದಾಗಿ ಐದನೆಯ ಜಾರ್ಜ್ 1911ರ ಡಿಸೆಂಬರ್ 12ರ ದರ್ಬಾರಿನಲ್ಲಿ ಸಾರಿ, ಮೂರೇ ದಿನಕ್ಕೆ ನಗರದ ಉತ್ತರಕ್ಕೆ ಅಡಿಗಲ್ಲಿಟ್ಟರು. ಆ ನೆಲ ತಗ್ಗು, ನೆರೆಗೆ ಸಿಗುವಂಥದ್ದು ಎಂದು ಆಮೇಲೆ ಅರಿವಾಗಿ, ಅಡಿಗಲ್ಲನ್ನೇ ದಕ್ಷಿಣದ ರೈಸಿನಾ ಗುಡ್ಡಕ್ಕೆ ಸಾಗಿಸಬೇಕಾಯಿತು. ಅಲ್ಲಿಯೂ ವಾಸ್ತುಶಿಲ್ಪಿಗಳಾದ ಲುಟಿಯೆನ್ಸ್ ಮತ್ತು ಬೇಕರ್ ರಸ್ತೆಯ ಏರಿನ ವಿಚಾರದಲ್ಲಿ ಮನಸ್ತಾಪ ಮಾಡಿಕೊಂಡರು. ಇಂದಿಗೂ ಇಂಡಿಯಾ ಗೇಟ್ ಕಡೆಯಿಂದ ಗುಡ್ಡ ಹತ್ತುತ್ತ ಬಂದರೆ ಸ್ವಲ್ಪ ದೂರ ರಾಷ್ಟ್ರಪತಿ ಭವನದ ಕೆಳಭಾಗ ಮರೆಯಾಗಿ ಗುಮ್ಮಟವಷ್ಟೇ ಕಾಣುತ್ತದೆ. 1931ರಲ್ಲಿ ಉದ್ಘಾಟನೆಗೊಂಡ ಈ ರಾಜಧಾನಿಯಿಂದ ಅವರು ಆಳಿದ್ದು ಬರಿಯ ಹದಿನಾರು ವರ್ಷ.

ಪ್ರಶ್ನೆ: ಹಾಗಾದರೆ ದೆಹಲಿಯ ಮೂಲನಿವಾಸಿಗಳು ಯಾರು? ಮಗನ ನೌಕರಿಯ ಕಾರಣ ಮೊದಲ ಬಾರಿ ಹೋಗುತ್ತಿರುವ ನಾವು ಎಲ್ಲಿಂದ ನೋಡಲು ಆರಂಭಿಸಬೇಕು?
– ಅದೇ ಓದುಗರು

ಉತ್ತರ: 1941ರಲ್ಲಿ ಸುಮಾರು 9 ಲಕ್ಷವಿದ್ದ ದೆಹಲಿಯ ಜನಸಂಖ್ಯೆ 1951ಕ್ಕೆ 17 ಲಕ್ಷ ದಾಟಿತು. ದೇಶವಿಭಜನೆಯಲ್ಲಿ ಲಕ್ಷಾಂತರ ಮುಸ್ಲಿಮರು ಊರು ಬಿಟ್ಟರು. ಪಶ್ಚಿಮ ಪಂಜಾಬಿನಿಂದ ಬಂದ ನಿರಾಶ್ರಿತರಿಗೆ ಲಜಪತ್ ನಗರ, ಪಟೇಲ್ ನಗರದಂಥ ಬಡಾವಣೆಗಳು ಎದ್ದವು. ಉರ್ದುವಿನ ಹಳೆಯ ನಗರಕ್ಕೆ ಪಂಜಾಬಿ ದನಿ ಬಂತು. ಪೂರ್ವ ಬಂಗಾಳದವರು ಚಿತ್ತರಂಜನ್ ಪಾರ್ಕಿನಲ್ಲಿ, ಸರ್ಕಾರಿ ನೌಕರಿಯವರು ರಾಮಕೃಷ್ಣಪುರಂನ ವಸತಿಗೃಹಗಳಲ್ಲಿ ನೆಲೆಸಿದರು. ದೆಹಲಿ ಕರ್ನಾಟಕ ಸಂಘವಿರುವುದೂ ಅದೇ ರಾಮಕೃಷ್ಣಪುರಂನಲ್ಲಿ. ರಿಡ್ಜ್‌ನ ಕಾಡನ್ನು ಆವರಿಸಿರುವ ಮರವೂ ಪರದೇಶದ್ದೇ: ಅಲ್ಲಿ ‘ವಿಲಾಯತಿ ಕೀಕರ್’, ನಮ್ಮಲ್ಲಿ ಬಳ್ಳಾರಿ ಜಾಲಿ. ಹೀಗಾಗಿ ಮೂಲನಿವಾಸಿ ಎಂಬ ಮಾತಿಗೆ ಅಲ್ಲಿ ಹೆಚ್ಚು ಬೆಲೆಯಿಲ್ಲವೆಂದೇ ನನ್ನ ಅಭಿಪ್ರಾಯ.

ನೋಡಲು ಮೆಟ್ರೊದ ಹಳದಿ ಮಾರ್ಗ ಸಾಕು. ಲಾಲ್ ಕೋಟ್ ಪ್ರದೇಶದಲ್ಲಿರುವ ಕುತುಬ್ ಮಿನಾರನ್ನು ಮೊದಲು ನೋಡಿ ರೈಲು ಹತ್ತಿದರೆ, ಸಿರಿಯ ಸಮೀಪದ ಹೌಜ್ ಖಾಸ್, ಬ್ರಿಟಿಷರ ಸೆಕ್ರೆಟರಿಯೇಟ್ ದಾಟಿ, ಒಂದು ಗಂಟೆಯೊಳಗೆ ಷಹಜಹಾನನ ಚಾಂದನಿ ಚೌಕದಲ್ಲಿ ಇಳಿಯುತ್ತೀರಿ. ನವೆಂಬರಿನ ಹೊಗೆಮಂಜಿನಲ್ಲಿ ಮಾತ್ರ ಹೋಗಬೇಡಿ. ಫೆಬ್ರವರಿಯ ಕೊನೆಗೆ ಟಿಕೆಟ್ ಮಾಡಿಸಿ.