ಓದುಗರ ಪ್ರಶ್ನೆ: ಕಾರ್ಡ್ ಇದ್ದರೂ ಲೌಂಜ್ ಒಳಗೆ ಬಿಡಲಿಲ್ಲ, ಏಕೆ?

ಪ್ರಶ್ನೆ: ಕ್ರೆಡಿಟ್ ಕಾರ್ಡಿನ ಜೊತೆ ಪ್ರಯಾರಿಟಿ ಪಾಸ್ (ಲೌಂಜ್ ಪ್ರವೇಶದ ಸದಸ್ಯತ್ವ) ಉಚಿತ ಎಂದು ಬ್ಯಾಂಕಿನವರು ಹೇಳಿದ್ದರು. ವಿಮಾನ ನಿಲ್ದಾಣದ ಲೌಂಜಿನಲ್ಲಿ, ಅಂದರೆ ಪ್ರಯಾಣಿಕರ ವಿಶ್ರಾಂತಿ ಕೋಣೆಯಲ್ಲಿ, ಕಾರ್ಡ್ ತೋರಿಸಿದರೆ ‘ಇದು ನಡೆಯೋದಿಲ್ಲ’ ಎಂದರು. ತಪ್ಪು ಎಲ್ಲಾಯಿತು?

ಉತ್ತರ: ನೀವು ತೋರಿಸಿದ್ದು ಬ್ಯಾಂಕಿನ ಕಾರ್ಡ್. ಅವರಿಗೆ ಬೇಕಿದ್ದದ್ದು ಪ್ರಯಾರಿಟಿ ಪಾಸ್‌ನ ಸದಸ್ಯತ್ವ ಸಂಖ್ಯೆ. 1992ರಲ್ಲಿ ಶುರುವಾದ ಈ ಯೋಜನೆ ಬೇರೆ ಬೇರೆಯವರು ನಡೆಸುವ ಲೌಂಜುಗಳ ಜೊತೆ ಒಪ್ಪಂದ ಮಾಡಿಕೊಂಡಿರುತ್ತದೆ. ಬ್ಯಾಂಕು ನಿಮ್ಮ ಪರವಾಗಿ ಅದರ ಸದಸ್ಯತ್ವ ಕೊಡಿಸುತ್ತದೆ, ಅಷ್ಟೇ. ಕಾರ್ಡ್ ಕೈಗೆ ಬಂದಾಗಲೇ ಸದಸ್ಯತ್ವವೂ ತಾನಾಗಿ ಬಂತು ಎಂದುಕೊಳ್ಳಬೇಡಿ. ಹೆಚ್ಚಿನ ಬ್ಯಾಂಕುಗಳಲ್ಲಿ ಅದಕ್ಕೆ ಪ್ರತ್ಯೇಕ ಕೋರಿಕೆ ಸಲ್ಲಿಸಬೇಕು. ಸಂಖ್ಯೆ ಬಂದ ಮೇಲೆ ಆ್ಯಪ್‌ನಲ್ಲಿ ಖಾತೆ ತೆರೆದು ಅದನ್ನು ಸೇರಿಸಿದರೆ ಕ್ಯೂಆರ್ ಕೋಡ್ ಸಿಗುತ್ತದೆ. ಕೌಂಟರಿನವರು ಸ್ಕ್ಯಾನ್ ಮಾಡುವುದು ಇದನ್ನೇ, ಜೊತೆಗೆ ಅದೇ ದಿನದ ಬೋರ್ಡಿಂಗ್ ಪಾಸ್ ನೋಡುತ್ತಾರೆ. ಎರಡರಲ್ಲೂ ಹೆಸರು ಒಂದೇ ಇರಲಿ. ಈ ಕೆಲಸವನ್ನು ಪ್ರಯಾಣದ ಹಿಂದಿನ ರಾತ್ರಿಗೆ ಇಟ್ಟುಕೊಳ್ಳದೆ ಎರಡು ಮೂರು ವಾರ ಮೊದಲೇ ಮುಗಿಸಿ.

ಲೌಂಜ್‌ಕೀ ಎಂಬ ಯೋಜನೆ ಹೀಗಲ್ಲ. ಅಲ್ಲಿ ಬ್ಯಾಂಕಿನ ಕಾರ್ಡೇ ಗುರುತು, ಯಂತ್ರದಲ್ಲಿ ಅದನ್ನೇ ಉಜ್ಜುತ್ತಾರೆ. ಆದರೆ ಕಾರ್ಡಿನ ಅಂತರರಾಷ್ಟ್ರೀಯ ವಹಿವಾಟನ್ನು ನೀವು ಬಂದ್ ಮಾಡಿಟ್ಟಿದ್ದರೆ ಆ ಪರಿಶೀಲನೆ ವಿಫಲವಾಗುವುದುಂಟು. ನಿಮ್ಮ ಕಾರ್ಡಿಗೆ ಯಾವ ಯೋಜನೆ ಎಂಬುದನ್ನು ಮೊದಲು ಕೇಳಿ ತಿಳಿದುಕೊಳ್ಳಿ.

‘ಉಚಿತ’ ಎಂಬ ಮಾತಿನ ಬಗ್ಗೆಯೂ ಎಚ್ಚರ ಬೇಕು. ಸದಸ್ಯತ್ವ ಉಚಿತವಾದರೆ ಭೇಟಿಯೂ ಉಚಿತ ಎಂದೇನಿಲ್ಲ. ಪ್ರಯಾರಿಟಿ ಪಾಸ್ ನೇರವಾಗಿ ಮಾರುವ ಸ್ಟ್ಯಾಂಡರ್ಡ್ ಹಂತದಲ್ಲಿ ಪ್ರತಿ ಭೇಟಿಗೂ ಶುಲ್ಕವಿದೆ. ಸ್ಟ್ಯಾಂಡರ್ಡ್ ಪ್ಲಸ್‌ನಲ್ಲಿ ವರ್ಷಕ್ಕೆ 10 ಭೇಟಿ ಉಚಿತ. ಪ್ರೆಸ್ಟೀಜ್‌ನಲ್ಲಿ ಸದಸ್ಯರಿಗೆ ಮಿತಿಯಿಲ್ಲ. ಬ್ಯಾಂಕು ಕೊಡಿಸುವ ಸದಸ್ಯತ್ವದ ಲೆಕ್ಕ ಬೇರೆಯೇ ಇರುತ್ತದೆ. ಎಷ್ಟು ಭೇಟಿ ಉಚಿತ, ಭೇಟಿ ಎಣಿಸುವ ವರ್ಷ ಜನವರಿಯಿಂದ ಶುರುವೋ ಕಾರ್ಡ್ ಕೊಟ್ಟ ದಿನದಿಂದಲೋ, ಇಂತಿಷ್ಟು ಖರ್ಚು ಮಾಡಿರಲೇಬೇಕು ಎಂಬ ಷರತ್ತಿದೆಯೋ, ಈ ಮೂರನ್ನೂ ಬ್ಯಾಂಕಿನಿಂದ ಇಮೇಲ್‌ನಲ್ಲೇ ಪಡೆಯಿರಿ. ಫೋನಿನಲ್ಲಿ ಕೇಳಿದ ಉತ್ತರ ಬಿಲ್ ಬಂದಾಗ ನೆರವಿಗೆ ಬರುವುದಿಲ್ಲ.

ಪ್ರಶ್ನೆ: ಲೌಂಜಿಗೆ ಪತ್ನಿಯನ್ನೂ ಕರೆದೊಯ್ದಿದ್ದೆ. ಮರುತಿಂಗಳ ಬಿಲ್ಲಿನಲ್ಲಿ ಇಬ್ಬರು ಅತಿಥಿಗಳ ಶುಲ್ಕ ಹಾಕಿದ್ದಾರೆ!

ಉತ್ತರ: ಕೌಂಟರಿನಲ್ಲಿ ಸಹಿ ಹಾಕಿಸಿಕೊಳ್ಳುವ ಚೀಟಿ ಅಥವಾ ಟ್ಯಾಬ್ಲೆಟ್ ಪರದೆಯ ಮೇಲೆ ‘ಅತಿಥಿಗಳ ಸಂಖ್ಯೆ’ ಎಂಬ ಚಿಕ್ಕ ಸಾಲು ಇರುತ್ತದೆ. ಅಲ್ಲಿ ಸದಸ್ಯರನ್ನು ಎಣಿಸಬಾರದು. ನೀವಿಬ್ಬರೇ ಹೋಗಿದ್ದರೆ ಅಲ್ಲಿ 1 ಇರಬೇಕು, 2 ಎಂದು ಬಿದ್ದಿರಬಹುದು. ಸಹಿಗೆ ಮೊದಲು ನೋಡದಿದ್ದರೆ ಆಮೇಲೆ ಸರಿಪಡಿಸುವುದು ಕಷ್ಟ, ಏಕೆಂದರೆ ಲೆಕ್ಕ ಲೌಂಜಿನಿಂದ ಯೋಜನೆಗೆ, ಅಲ್ಲಿಂದ ಬ್ಯಾಂಕಿಗೆ ಹೋಗಿ ವಾರಗಳ ನಂತರ ಬಿಲ್ಲಿಗೆ ಬರುತ್ತದೆ. ಈಗ ಆ್ಯಪ್‌ನ ಭೇಟಿ ಪಟ್ಟಿಯ ಚಿತ್ರ ಮತ್ತು ಇಬ್ಬರ ಬೋರ್ಡಿಂಗ್ ಪಾಸ್ ಲಗತ್ತಿಸಿ ಬ್ಯಾಂಕಿಗೂ ಯೋಜನೆಗೂ ಒಟ್ಟಿಗೆ ದೂರು ಕೊಡಿ.

ಪ್ರಶ್ನೆ: ಬೆಳಿಗ್ಗೆಯೇ ಹೋಗಿ ಸಂಜೆಯ ವಿಮಾನದವರೆಗೆ ಲೌಂಜಿನಲ್ಲೇ ಇರಬಹುದೇ?

ಉತ್ತರ: ಸಾಮಾನ್ಯವಾಗಿ ಆಗದು. ಬಹಳಷ್ಟು ಲೌಂಜುಗಳು ವಿಮಾನ ಹೊರಡುವ 3 ಗಂಟೆ ಮೊದಲಷ್ಟೇ ಸೇರಿಸುತ್ತವೆ. ಜನ ತುಂಬಿದ್ದರೆ ಸದಸ್ಯರನ್ನೂ ವಾಪಸ್ ಕಳಿಸುವ ಹಕ್ಕು ಅವರಿಗಿದೆ. ಲೌಂಜ್ ಯಾವ ಟರ್ಮಿನಲ್‌ನಲ್ಲಿದೆ, ಭದ್ರತಾ ತಪಾಸಣೆಯ ಆಚೆಯೋ ಈಚೆಯೋ ಎಂಬುದು ಆ್ಯಪ್‌ನಲ್ಲಿ ಇರುತ್ತದೆ. ಅದೇ ಟರ್ಮಿನಲ್‌ನಲ್ಲಿ ಇನ್ನೊಂದು ಲೌಂಜ್ ಇದ್ದರೆ ಅದನ್ನೂ ಗುರುತಿಟ್ಟುಕೊಳ್ಳಿ.