ಕಷ್ಟ ಬಂದಾಗ ದೂರ ಸರಿದ ಗೆಳೆಯ, ಅದೇ ಅವನ ನಿಜವಾದ ಗುಣವೇ?

ನಿಮ್ಮ ಕಷ್ಟಕಾಲದಲ್ಲಿ ಹಳೆಯ ಗೆಳೆಯ ದೂರ ಸರಿದ, ಹಾಗಾದರೆ ಅವನ ನಿಜವಾದ ಗುಣ ಇದೇನಾ ಅಂತ ಕೇಳಿದ್ದೀರಿ. ಇರಬಹುದು. ಆದರೆ ಅಷ್ಟು ಬೇಗ ತೀರ್ಪು ಕೊಡಬೇಡಿ ಅನ್ನುತ್ತೇನೆ.

ಧ್ರುವ ಪ್ರದೇಶಗಳ ಅನ್ವೇಷಕ ಶ್ಯಾಕಲ್ಟನ್‌ನ ಅಂಟಾರ್ಕ್ಟಿಕ್ ಯಾತ್ರೆಯ ಕಥೆ ಕೇಳಿರಬಹುದು. 1915ರಲ್ಲಿ ಹಡಗು ಹಿಮದಲ್ಲಿ ಸಿಕ್ಕಿ ನುಚ್ಚುನೂರಾಗಿ ಮುಳುಗಿತು, 28 ಮಂದಿ ಹಿಮದ ಮೇಲೆ ಉಳಿದರು. ಅವರಲ್ಲಿ ಬಡಗಿ ಮ್ಯಾಕ್‌ನಿಶ್ ಒಂದು ದಿನ ಹಿಮದ ಮೇಲೆ ಇನ್ನು ದೋಣಿ ಎಳೆಯಲ್ಲ ಅಂತ ತಿರುಗಿಬಿದ್ದ. ಅವತ್ತು ನೋಡಿದವರು ಇವನ ಬಣ್ಣ ಬಯಲಾಯಿತು ಅಂದುಕೊಂಡಿರಬೇಕು, ಅಲ್ವಾ? ಆದರೆ ಕೆಲವು ತಿಂಗಳ ಮೇಲೆ ಸಣ್ಣ ದೋಣಿಯೊಂದರ ಬದಿ ಎತ್ತರಿಸಿ, ಮೇಲೆ ಕ್ಯಾನ್ವಾಸ್ ಹೊದಿಸಿ, ಅದು 1,300 ಕಿಲೋಮೀಟರಿಗೂ ಜಾಸ್ತಿ ದೂರದ ಸಮುದ್ರ ದಾಟುವ ಹಾಗೆ ಮಾಡಿದವನೂ ಅವನೇ. ಆ ದೋಣಿ ದಡ ಸೇರಿದ್ದಕ್ಕೇ ಸಹಾಯ ಸಿಕ್ಕಿತು, 28 ಮಂದಿಯೂ ಬದುಕಿದರು. ಆದರೂ ಶ್ಯಾಕಲ್ಟನ್ ಅವನಿಗೆ ಪದಕ ಕೊಡಿಸಲಿಲ್ಲ. ನನಗೆ ಇಂದಿಗೂ ಅದು ಅನ್ಯಾಯ ಅನ್ನಿಸುತ್ತದೆ.

ಇನ್ನೊಂದು, 1973ರಲ್ಲಿ ಪ್ರಕಟವಾದ, ಮನಶ್ಶಾಸ್ತ್ರಜ್ಞರಾದ ಡಾರ್ಲಿ ಮತ್ತು ಬ್ಯಾಟ್ಸನ್ ಅವರ ಪ್ರಯೋಗ. ಪಾದ್ರಿಗಳಾಗಲು ಓದುತ್ತಿದ್ದ ಹುಡುಗರು ಹೋಗುವ ದಾರಿಯಲ್ಲಿ ಒಬ್ಬ ಕುಸಿದು ಕೂತು ನರಳುತ್ತಿರುತ್ತಾನೆ. ಸಮಯವಿದೆ ಅಂದುಕೊಂಡು ಹೊರಟವರಲ್ಲಿ ನೂರಕ್ಕೆ 63 ಮಂದಿ ಸಹಾಯ ಮಾಡಿದರು, ತಡವಾಯಿತು ಅಂತ ಓಡುತ್ತಿದ್ದವರಲ್ಲಿ ಬರೀ 10. ಅವಸರವೊಂದೇ ಇಷ್ಟು ಬದಲಾಯಿಸುತ್ತದೆ ಅಂದರೆ ಭಯ, ಸಾಲ, ನಿದ್ದೆಗೇಡು ಏನೆಲ್ಲ ಮಾಡಬಹುದು!

ಕಷ್ಟಗಳೂ ಒಂದೇ ಥರ ಇರುವುದಿಲ್ಲ. ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಜೊತೆಗಿದ್ದವನು ದುಡ್ಡಿನ ಮಾತು ಬಂದ ಕೂಡಲೇ ಮಾಯವಾಗುವುದುಂಟು. ಕೇಳದೆಯೇ ದುಡ್ಡು ಕಳಿಸುವವನಿಗೆ ಸಾವಿನ ಮನೆಯಲ್ಲಿ ಏನು ಮಾತಾಡಬೇಕೋ ತಿಳಿಯದೆ ಆ ಕಡೆಗೇ ಸುಳಿಯದಿರಬಹುದು. ಹಾಗಾಗಿ ಮೊದಲ ದಿನದ ಗಾಬರಿಯನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಉಸಿರು ತಿರುಗಿದ ಮೇಲೆ ತಾನಾಗಿ ಬಂದು ವಿಚಾರಿಸಿದನಾ, ತನ್ನ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿದನಾ, ಇದನ್ನು ನೋಡುತ್ತೇನೆ. ತಪ್ಪು ಹೊರಿಸುವ ಚಾಳಿ ಮಾತ್ರ ನನಗೆ ದೊಡ್ಡ ಗುರುತು, ಅದು ಗಾಬರಿಯಿಂದ ಬರುವುದಲ್ಲ.

ನಿಮ್ಮ ಗೆಳೆಯನಿಗೆ ಒಮ್ಮೆ ಫೋನ್ ಮಾಡಿ. ಸುಮ್ನೆ ಕಷ್ಟ ತೋಡಿಕೊಳ್ಳಬೇಡಿ, ಅವನ ಕೈಲಾಗುವ ಒಂದು ಸಣ್ಣ ಕೆಲಸ ಹೇಳಿ. ಅದಕ್ಕೂ ನೆಪ ಹೇಳಿದರೆ ಆಮೇಲೆ ಬಿಡಿ.